ಕಳೆಯೋ, ಕಲೆಯೋ

ತ್ರಿವೇಣಿಯವರ 'ಶರಪಂಜರ' 1971ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಯಿತು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು 1983ರಲ್ಲಿ ಪ್ರೇಮಾ ಕಾರಂತರು ತೆರೆಗೆ ತಂದರು. ಕಾದಂಬರಿ ಓದಿ, ಸಿನಿಮಾ ನೋಡಿ, 'ಪುಸ್ತಕದಲ್ಲಿ ಇದ್ದ ಹಾಗಿಲ್ಲ' ಎಂದು ವಾದಿಸುವುದು ನಮಗೆಲ್ಲ ಇಷ್ಟದ ಕೆಲಸ. ಆದರೆ ಪುಸ್ತಕಕ್ಕೂ ತೆರೆಗೂ ನಡುವೆ ಇನ್ನೊಂದು ಬರವಣಿಗೆ ಇರುತ್ತದೆ. ಅದೇ ಚಿತ್ರಕಥೆ. ಒಗ್ಗರಣೆಗೆ ಮುಂಚೆ ಹೆಚ್ಚಿಟ್ಟ ತರಕಾರಿಯಂತೆ, ಊಟಕ್ಕೆ ಕೂತವರು ಅದನ್ನು ಕಾಣುವುದಿಲ್ಲ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಸಿನಿಮಾ ತಂಡವೊಂದರಲ್ಲಿ ಸಹಾಯಕಿ. ಅವಳ ಅಜ್ಜಿಯ, ಅಂದರೆ ನನ್ನ ಅಮ್ಮನ, ಬದುಕನ್ನು ಚಿತ್ರಕಥೆ ಮಾಡಬೇಕೆಂಬುದು ಅವಳ ಆಸೆ. ಕಳೆದ ರಜೆಯಲ್ಲಿ ಬಂದವಳು ಲ್ಯಾಪ್‌ಟಾಪ್ ತೆರೆದು, "ದೊಡ್ಡಮ್ಮ, ಯಾವ ಸಾಫ್ಟ್‌ವೇರ್ ತಗೊಳ್ಳಲಿ? ನೀವು ಕನ್ನಡ ಟೀಚರು, ಹೇಳಿ" ಅಂದಳು.

ಹಾಲಿವುಡ್ಡಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಫೈನಲ್ ಡ್ರಾಫ್ಟ್' ಅಂತೆ. ಬೆಲೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಕೆಲವು ತಿಂಗಳ ಬಾಡಿಗೆಯವು, ಕೆಲವು ಪುಕ್ಕಟೆ. ಎಲ್ಲವೂ ಮಾಡುವ ಮುಖ್ಯ ಕೆಲಸ ಒಂದೇ. ದೃಶ್ಯದ ತಲೆಬರಹ, ವಿವರಣೆ, ಪಾತ್ರದ ಹೆಸರು, ಮಾತು ಇವನ್ನು ಪುಟದ ಮೇಲೆ ಅವವುಗಳ ಜಾಗದಲ್ಲಿ ಕೂರಿಸುವುದು. ಅಕ್ಷರ 12 ಪಾಯಿಂಟಿನ ಕೊರಿಯರ್. ಹಾಗೆ ಬರೆದ 1 ಪುಟ ತೆರೆಯ ಮೇಲೆ ಹೆಚ್ಚುಕಡಿಮೆ 1 ನಿಮಿಷ ಎಂದು ಲೆಕ್ಕ.

ಇದು ಪರರ ಸೇರಿನಲ್ಲಿ ನಮ್ಮ ಅಕ್ಕಿ ಅಳೆದ ಹಾಗೆ. ಕೊರಿಯರ್‌ನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ನಮ್ಮ 'ರ' ಎಲ್ಲಿ, 'ಯೋ' ಎಲ್ಲಿ! ಒತ್ತಕ್ಷರ ಕೆಳಗಿಳಿದರೆ ಸಾಲಿನ ನಡುವೆ ಜಾಗವೂ ಹೆಚ್ಚು ಬೇಕು. ಪಾತ್ರದ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯುವುದು ಇಂಗ್ಲಿಷಿನವರ ಪದ್ಧತಿ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ.

ಈ ತಾಪತ್ರಯವೇ ಬೇಡವೆಂದು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದುಬಿಡುವವರಿದ್ದಾರೆ. ಇವಳೂ ಒಂದು ದೃಶ್ಯವನ್ನು ಹಾಗೆ ಬರೆದು ತಂದಿದ್ದಳು. ಹಸೆಮಣೆಯ ಮೇಲೆ ಕೂತ ನನ್ನ ತಂಗಿಯನ್ನು ನೋಡಿ ಅಮ್ಮ "ಮುಖದಲ್ಲಿ ಎಷ್ಟು ಕಳೆ ಇದೆ" ಅಂದ ಮಾತು ಅದರಲ್ಲಿತ್ತು. ಇಂಗ್ಲಿಷಿನಲ್ಲಿ 'ಳ'ಕ್ಕೂ 'ಲ'ಕ್ಕೂ ಒಂದೇ ಅಕ್ಷರ. ಕನ್ನಡ ಬಾರದ ನಟಿ "ಎಷ್ಟು ಕಲೆ ಇದೆ" ಎಂದರೆ ಏನು ಗತಿ? ಹರಸಿದ ಮಾತು ಹಳಿದ ಮಾತಾಗುತ್ತದೆ. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಅವರ ಬಳೆ, ಸರ ಹಂಚಿಹೋದವು. ನಮ್ಮೆಲ್ಲರಿಗೂ ಸಮನಾಗಿ ಉಳಿದಿರುವುದು ಅವರ ಮಾತೊಂದೇ.

"ಅಜ್ಜಿ ಕನ್ನಡ ಅಕ್ಷರದಲ್ಲೇ ಮಾತಾಡಲಿ ಪುಟ್ಟಿ" ಅಂದೆ.

"ತಂಡದಲ್ಲಿ ಇಂಗ್ಲಿಷೇ ಕೇಳ್ತಾರಲ್ಲ ದೊಡ್ಡಮ್ಮ."

"ವಿವರಣೆ ಇಂಗ್ಲಿಷಿನಲ್ಲಿರಲಿ, ಅದು ಕ್ಯಾಮೆರಾದವರಿಗೆ. ಮಾತು ನಮ್ಮದು."

ಆಮೇಲೆ ಇಬ್ಬರೂ ಪರೀಕ್ಷೆಗೆ ಕೂತೆವು. ಕೊಳ್ಳುವ ಮೊದಲು ಬಳಸಿ ನೋಡಲು ಬಿಡುವ ಸಾಫ್ಟ್‌ವೇರ್‌ಗಳಲ್ಲಿ 'ಸ್ತ್ರೀ', 'ಸೂರ್ಯ', 'ಕರ್ತೃ' ಎಂದು ಬರೆದು, ಪಿಡಿಎಫ್ ಮಾಡಿ ನೋಡಿದೆವು. ಒಂದರಲ್ಲಿ 'ಸ್ತ್ರೀ' ಮೂರು ತುಂಡಾಗಿ ಬಿದ್ದಿದ್ದಳು. ಅದನ್ನು ಅಲ್ಲಿಗೇ ಬಿಟ್ಟೆವು. ಪರದೆಯ ಮೇಲೆ ನೆಟ್ಟಗಿದ್ದದ್ದು ಪಿಡಿಎಫ್‌ನಲ್ಲಿ ಒಡೆಯುವುದೂ ಉಂಟು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳಾಗುತ್ತದೆ; ಯೂನಿಕೋಡಿಗೆ ಬದಲಾಯಿಸಿಕೊಂಡೇ ಹಾಕಬೇಕು.

ಕೊನೆಗೆ ನಮಗೆ ಒಗ್ಗಿದ್ದು 'ಫೌಂಟನ್'. ಜಾನ್ ಆಗಸ್ಟ್ ಎಂಬ ಅಮೆರಿಕದ ಚಿತ್ರಕಥೆಗಾರರೂ ಅವರ ಜೊತೆಯವರೂ 2012ರಲ್ಲಿ ಹೊರತಂದದ್ದು. ಅದು ಸಾಫ್ಟ್‌ವೇರಲ್ಲ, ಬರೆಯುವ ಒಂದು ಕ್ರಮ. ದುಡ್ಡು ಬೇಡ, ನೋಟ್‌ಪ್ಯಾಡ್ ಸಾಕು. ಸಾಲಿನ ಮೊದಲಿಗೆ ಚುಕ್ಕಿ ಇಟ್ಟರೆ ದೃಶ್ಯದ ತಲೆಬರಹ. ಇ-ಮೇಲ್ ವಿಳಾಸದಲ್ಲಿ ಬರುವ '@' ಗುರುತು ಇಟ್ಟರೆ ಪಾತ್ರದ ಹೆಸರು. ಅದರ ಕೆಳಗಿನ ಸಾಲು ಆ ಪಾತ್ರದ ಮಾತು. ದೊಡ್ಡಕ್ಷರದ ಹಂಗೇ ಇಲ್ಲ! ಆ ಕಡತವನ್ನು ಹಲವು ಚಿತ್ರಕಥೆ ಸಾಫ್ಟ್‌ವೇರ್‌ಗಳು ತೆರೆಯುತ್ತವೆ. ನಾಳೆ ಒಂದರ ಬಾಡಿಗೆ ಕಟ್ಟದಿದ್ದರೂ ಬರಹ ನಮ್ಮ ಬಳಿಯೇ ಇರುತ್ತದೆ. ಪೆಟ್ಟಿಗೆ ಯಾರದ್ದೇ ಆಗಲಿ, ಬೀಗದ ಕೈ ನಮ್ಮ ಸೊಂಟದಲ್ಲಿರಬೇಕು.

ನಿಮಿಷದ ಲೆಕ್ಕಕ್ಕೆ ಗೋಡೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದೆವು. ಎಲ್ಲಿ ಅಮ್ಮ ಸುಮ್ಮನಾಗುತ್ತಿದ್ದರೋ ಅಲ್ಲಿ ನಾವೂ ಸುಮ್ಮನಾದೆವು. ಆ ಮೌನವನ್ನು ಯಾವ ಪುಟದ ಲೆಕ್ಕವೂ ಹಿಡಿಯಲಾರದು.

ಸತ್ಯಜಿತ್ ರಾಯ್ ಅವರು ಚಿತ್ರಕಥೆಗಳನ್ನು ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ, ಪಕ್ಕದಲ್ಲೇ ಚಿತ್ರ ಬಿಡಿಸುತ್ತ ಬರೆದಿಟ್ಟುಕೊಳ್ಳುತ್ತಿದ್ದರು. ಕೈಗೆ ಒಗ್ಗಿದ್ದೇ ಸಾಧನ. ಬರೆಯಬೇಕೆಂದಿರುವ ಹೆಣ್ಣುಮಕ್ಕಳು ಸಾಫ್ಟ್‌ವೇರಿನ ಬೆಲೆ ಕೇಳುವ ಮೊದಲು ತಮ್ಮ ಮನೆಯ ಹಿರಿಯರ ಒಂದು ಮಾತನ್ನು ಅದರಲ್ಲಿ ಬರೆದು, ಗಟ್ಟಿಯಾಗಿ ಓದಿಕೊಳ್ಳಲಿ. ಅವರೇ ಆಡಿದ ಹಾಗೆ ಕೇಳಿಸಿದರೆ ಆಮೇಲೆ ಬೆಲೆಯ ಮಾತು.