ಪದ್ಮಿನಿ ಎದ್ದಳಾ?

ದೊಮ್ಮಲೂರಿನ ನಮ್ಮ ಬೀದಿಗೆ ಭಾನುವಾರ ಬೆಳಗಾಯಿತೆಂದು ಸಾರುವ ಕೆಲಸವನ್ನು ನನ್ನ ಕಾರು ತಾನಾಗಿಯೇ ವಹಿಸಿಕೊಂಡಿದೆ. ಕೀ ತಿರುಗಿಸಿದರೆ ಮೊದಲು ‘ಕಿರ್ರ್ ಕಿರ್ರ್’, ಆಮೇಲೆ ‘ಕಿರ್’, ಕೊನೆಗೆ ಬರೀ ‘ಟಿಕ್’. ಎದುರುಮನೆಯ ಅಜ್ಜಿ ರಂಗೋಲಿಯಿಂದ ತಲೆಯೆತ್ತದೆ ಕೇಳುತ್ತಾರೆ: “ಏನಪ್ಪಾ, ಪದ್ಮಿನಿ ಎದ್ದಳಾ?” “ಇನ್ನೂ ಇಲ್ಲ ಅಜ್ಜಿ.” “ಮಲಗ್ಲಿ ಬಿಡು, ಭಾನುವಾರ ಅಲ್ವಾ.” ಮೂರನೇ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗರು ಇದನ್ನು ಕೇಳಿಸಿಕೊಂಡು ಒಂದು ತಿಂಗಳು ನನ್ನ ಹೆಂಡತಿಯನ್ನು ‘ಪದ್ಮಿನಿ ಆಂಟಿ’ ಎಂದು ಕರೆದರು. ಆ ತಿಂಗಳು ನಮ್ಮ ಮನೆಯ ಸಾರಿಗೆ ಉಪ್ಪು ಸ್ವಲ್ಪ ಮುಂದೇ ಇತ್ತು.

ಪದ್ಮಿನಿ ಎಂದರೆ ಪ್ರೀಮಿಯರ್ ಪದ್ಮಿನಿ, 1986ರ ಮಾಡೆಲ್. ಎಚ್‌ಎಎಲ್‌ನಲ್ಲಿ ಕೆಲಸಕ್ಕಿದ್ದ ನಮ್ಮಪ್ಪ ಸಾಲಸೋಲ ಮಾಡಿ ತಂದದ್ದು. 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಕೊರಳಿಗೇ ಸಿಕ್ಕಿಸಿದ ಗೇರು, ಮುಂದುಗಡೆ ದಿವಾನಿನಂಥ ಒಂದೇ ಉದ್ದನೆಯ ಸೀಟು. ಆ ಸೀಟಿನ ಮೇಲೆ ಅಪ್ಪ, ಅಮ್ಮ, ನಡುವೆ ನಾನು, ಅಮ್ಮನ ತೊಡೆಯ ಮೇಲೆ ತಂಗಿ, ತಂಗಿಯ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ಹೀಗೆ ನಂದಿಬೆಟ್ಟ ಹತ್ತಿ ಇಳಿದಿದ್ದೇವೆ. ನಂಬರ್ ಪ್ಲೇಟಿನಲ್ಲಿ ‘ಕೆಎ’ ಎಂಬ ಅಕ್ಷರಗಳೇ ಇಲ್ಲ. ಅವು ಚಾಲ್ತಿಗೆ ಬಂದದ್ದು 1989ರಲ್ಲಿ. ಒಮ್ಮೆ ಎಳೆಯ ಪೊಲೀಸಿನವರೊಬ್ಬರು ಕೈಯಡ್ಡ ಹಿಡಿದು ನಿಲ್ಲಿಸಿ, ಪ್ಲೇಟನ್ನು ಎರಡೆರಡು ಸಲ ಓದಿ, “ಯಾವ ಸ್ಟೇಟಿನ ಗಾಡಿ ಸಾರ್ ಇದು?” ಎಂದರು. “ಇದೇ ಊರಿನದು, ನಿಮಗಿಂತ ಹಿರಿಯಳು” ಎಂದೆ. ಸಲ್ಯೂಟ್ ಹೊಡೆದು ಕಳಿಸಿದರು. ಸಲ್ಯೂಟ್ ನನಗೋ ಅವಳಿಗೋ ಎಂದು ಕೇಳಲು ಹೋಗಲಿಲ್ಲ.

ಇಲ್ಲೊಂದು ಅಡ್ಡಮಾತು. ಅಪ್ಪನ ಕಾರ್ಖಾನೆಗೂ ಅಪ್ಪನ ಕಾರಿಗೂ ರಕ್ತಸಂಬಂಧವಿದೆ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹೂಡಿದ ವಾಲಚಂದ್ ಹೀರಾಚಂದರೇ 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಶುರುಮಾಡಿದವರು. ಅದಕ್ಕೂ ಮೊದಲು, ಮೂವತ್ತರ ದಶಕದಲ್ಲಿ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ದೇಶದಲ್ಲೇ ಕಾರು ತಯಾರಾಗಬೇಕೆಂದು ಅಮೆರಿಕ, ಯುರೋಪು ಸುತ್ತಿ ಬಂದು ಯೋಜನೆಯನ್ನೇ ಬರೆದಿಟ್ಟಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅಂತೂ ಅಪ್ಪ ಅಣ್ಣನ ಮನೆಯಲ್ಲಿ ದುಡಿದು ತಂಗಿಯನ್ನು ಮನೆ ತುಂಬಿಸಿಕೊಂಡರು. ಅಣ್ಣ ಇವತ್ತಿಗೂ ಆಕಾಶದಲ್ಲಿ ಗುಡುಗುತ್ತಾನೆ. ತಂಗಿ ನಮ್ಮ ಹೊಂಗೆಮರದ ಕೆಳಗೆ ಟಿಕ್ ಎನ್ನುತ್ತಾಳೆ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಅಪ್ಪ ಕಾರಿಗೆಂದೇ ಕಟ್ಟಿಸಿದ್ದ ಷೆಡ್ಡನ್ನು ನಾನು ಕೆಡವಿ ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟೆ. ಬುದ್ಧಿವಂತಿಕೆ ನನ್ನದೇ, ಯಾರನ್ನೂ ದೂರುವಂತಿಲ್ಲ. ಪದ್ಮಿನಿ ಬೀದಿಗೆ ಬಂದಳು. ಆ ಅಂಗಡಿಯ ಬಾಡಿಗೆ ತಿಂಗಳು ತಿಂಗಳು ಬರುತ್ತದೆ, ಬಂದದ್ದು ಬಂದ ಹಾಗೆ ಅವಳ ರಿಪೇರಿಗೆ ಹೋಗುತ್ತದೆ.

ಬೀದಿಗೆ ಬಂದವಳನ್ನು ಜಾಗದಿಂದ ಕದಲಿಸುವಂತಿಲ್ಲ. ಒಂದು ಬೈಟು ಕಾಫಿ ಕುಡಿದು ಬರುವಷ್ಟರಲ್ಲಿ ಆ ಹದಿಮೂರಡಿ ಜಾಗದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಆದ್ದರಿಂದ ನಾನು ಕಾರು ತೆಗೆಯುವುದಿಲ್ಲ. ತೆಗೆಯದಿದ್ದರೆ ಬ್ಯಾಟರಿ ಇಳಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಒಣಗಿ ಕಿಟ್ಟ ಕಟ್ಟುತ್ತದೆ, ಬ್ರೇಕು ಹಿಡಿದುಕೊಳ್ಳುತ್ತದೆ, ಹೆಗ್ಗಣಗಳು ಬಾನೆಟ್ಟಿನೊಳಗೆ ಬಾಣಂತನ ಮಾಡುತ್ತವೆ. ಇಷ್ಟನ್ನೂ ಸರಿಮಾಡಿಸಲು ಗ್ಯಾರೇಜಿಗೆ ಒಯ್ಯಬೇಕು. ಒಯ್ದರೆ ಜಾಗ ಹೋಯಿತು. ನಮ್ಮ ಚೊಕ್ಕನಾಥಸ್ವಾಮಿ ದೇವಸ್ಥಾನದ ಗೋಡೆಯಲ್ಲಿ ತಮಿಳು ಶಾಸನಗಳಿವೆ. ದೊಮ್ಮಲೂರು ಅವುಗಳಲ್ಲಿ ‘ತೊಂಬಲೂರು’, ‘ದೇಶಿಮಾಣಿಕ್ಕಪಟ್ಟಣ’ ಎಂದೆಲ್ಲ ಕರೆಸಿಕೊಂಡಿದೆ. ದೇವರಿಗೆ ಬಿಟ್ಟ ಭೂಮಿ, ತೆರಿಗೆಗಳ ಲೆಕ್ಕ ಅಲ್ಲಿ ಕಲ್ಲಿನ ಮೇಲಿದೆ. ಹದಿಮೂರಡಿ ಜಾಗವನ್ನು ಆಚಂದ್ರಾರ್ಕವಾಗಿ ಯಾರಿಗಾದರೂ ಬರೆದುಕೊಡುವ ಪುಣ್ಯಾತ್ಮರು ಇದ್ದ ಕಾಲ ಅದು. ನಾವು ತಡವಾಗಿ ಹುಟ್ಟಿದೆವು.

ಹಲಸೂರಿನ ಓಣಿಯೊಂದರಲ್ಲಿ ನಮ್ಮ ಮೆಕ್ಯಾನಿಕ್ ಭಾಯ್ ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಸ್ಪ್ಯಾನರನ್ನು ಹುಡುಗನ ಹತ್ತಿರ ಉರ್ದುವಿನಲ್ಲಿ ಕೇಳುತ್ತಾರೆ, ಪಕ್ಕದ ಟಿಂಕರಿಂಗ್‌ನವರನ್ನು ತಮಿಳಿನಲ್ಲಿ ಬೈಯುತ್ತಾರೆ, ಬಿಲ್ಲನ್ನು ನನಗೆ ಅಚ್ಚ ಕನ್ನಡದಲ್ಲಿ ಹೇಳುತ್ತಾರೆ. ಕಾರು ಏಳದಿದ್ದಾಗ ಸ್ಕೂಟರಿನಲ್ಲಿ ಮನೆಗೇ ಬರುತ್ತಾರೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ಪುಗಳನ್ನು ಹೆಬ್ಬೆರಳಿನಿಂದ ಎಬ್ಬಿಸಿ, ರೋಟರನ್ನು ಎಳೆದು ಷರ್ಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಒಳಗೆ ಹುರುಳಿಕಾಳಿನ ಗಾತ್ರದ ಎರಡು ಪಾಯಿಂಟುಗಳು, ಒಂದಕ್ಕೊಂದು ಮುಖಕೊಟ್ಟು ಸುಟ್ಟು ಕಪ್ಪಾಗಿರುತ್ತವೆ. ಜೀರೋ ಪೇಪರನ್ನು ಮಡಚಿ ಅವುಗಳ ನಡುವೆ ತೂರಿಸಿ ನಾಲ್ಕು ಸಲ ಎಳೆಯುತ್ತಾರೆ. ‘ಉಫ್’ ಎಂದು ಊದುತ್ತಾರೆ. ಹ್ಯಾಕ್ಸಾ ಬ್ಲೇಡಿನ ಒಂದು ತುಂಡನ್ನು ಸಂದಿಗೆ ಇಳಿಬಿಟ್ಟು, ಅದು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರುವ ಹದ ನೋಡಿ ಸ್ಕ್ರೂ ತಿರುಗಿಸುತ್ತಾರೆ. ಐದು ನಿಮಿಷದ ಕೆಲಸ. “ಹೊಡೀರಿ ಸಾರ್ ಸೆಲ್ಫು.” ಹೊಡೆದರೆ, ಅರ್ಧ ಗಂಟೆಯಿಂದ ನನ್ನ ಮರ್ಯಾದೆ ತೆಗೆದವಳು ಒಂದೇ ಸಲಕ್ಕೆ ಎದ್ದು ಕೂರುತ್ತಾಳೆ.

“ಗಾಡೀಲಿ ಏನೂ ಇಲ್ಲ ಸಾರ್” ಎನ್ನುತ್ತಾರೆ ಭಾಯ್, ಕೈಯನ್ನು ವೇಸ್ಟಿಗೆ ಒರೆಸಿಕೊಳ್ಳುತ್ತಾ. “ನೀವು ಓಡಿಸ್ತಾ ಇಲ್ಲ, ಅಷ್ಟೇ. ಎರಡು ತಿಂಗಳು ಮಂಚ ಬಿಟ್ಟು ಇಳೀದೆ ಇದ್ರೆ ನಿಮ್ಗೂ ಕಾಲು ಹಿಡ್ಕೊಳ್ಳಲ್ವಾ?”

ಭಾಯ್ ಕೈ ಬಂಗಾರ, ನಾಲಿಗೆಯದೊಂದೇ ಕಷ್ಟ. ಕಾರನ್ನು ಗ್ಯಾರೇಜಿಗೆ ಬಿಟ್ಟರೆ ಯಾವತ್ತು ಕೇಳಿದರೂ “ನಾಳೆ ಬನ್ನಿ ಸಾರ್.” ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದುದು ನೆನಪಿದೆಯಲ್ಲ? ದೆವ್ವ ರಾತ್ರಿ ಬಂದು ಓದಿಕೊಂಡು, ಪಾಪ, ಮರುದಿನ ಮತ್ತೆ ಬಂದು ಮತ್ತೆ ಓದುತ್ತಿತ್ತಂತೆ. ಆ ದೆವ್ವದ ಅವಸ್ಥೆ ಏನೆಂದು ಕಾರಿಟ್ಟವರಿಗೆ ಮಾತ್ರ ಗೊತ್ತು. ನಮಗೆ ಬಹುವಚನ ಸಿಗುತ್ತದೆ, ವ್ಯತ್ಯಾಸ ಅಷ್ಟೇ.

ನಾಳೆಗೆ ಕಾರಣ ಸಾಮಾನು. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿತು. ವಾಟರ್ ಪಂಪು ಬೇಕೆಂದು ಜೆ.ಸಿ. ರಸ್ತೆಗೆ ಹೋದೆ. ಮೊದಲ ಮೂರು ಅಂಗಡಿಗಳಲ್ಲಿ ನಕ್ಕರು. ನಾಲ್ಕನೆಯದರಲ್ಲಿ ಕೂತಿದ್ದ ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ, “ಪದ್ಮಿನಿ ಅನ್ನೋ ಕಂಪನಿ ಇಲ್ಲ ಸಾರ್” ಎಂದ. ಒಳಗಿಂದ ಅವನ ಅಪ್ಪ ಎದ್ದು ಬಂದರು. ನಾನು ಒಯ್ದಿದ್ದ ಹಳೇ ಪಂಪನ್ನು ಕನ್ನಡಕ ಹಾಕದೆ, ಕೈಯಲ್ಲೇ ತಡವಿ ನೋಡಿ, “ಎಲ್ಲಿಟ್ಟಿದ್ರಿ ಇಷ್ಟು ದಿವ್ಸ ಇದನ್ನ?” ಎಂದು ನಕ್ಕರು. ಏಣಿ ಹಾಕಿ ಅಟ್ಟದ ಮೇಲಿಂದ ದಪ್ಪ ಕಾಗದ ಸುತ್ತಿದ ಪೊಟ್ಟಣ ಇಳಿಸಿದರು. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುವ ತನಕ ಮಾಲು ಹೇಗೋ ಬರುತ್ತಿತ್ತಂತೆ. ಆ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿದವು. “ಇನ್ನೊಂದಿದೆ, ಅದನ್ನೂ ತಗೊಂಡುಬಿಡಿ” ಎಂದರು. ತಗೊಂಡೆ. ಈಗ ಅದು ನಮ್ಮ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಕೆಳಗಿನ ಖಾನೆಯಲ್ಲಿದೆ. ಇದರ ಬಗ್ಗೆ ಹೆಚ್ಚು ಮಾತು ಬೇಡ.

ಹೆಗ್ಗಣಕ್ಕೆ ಭಾಯ್ ಹೇಳಿದ ಮದ್ದು ಹೊಗೆಸೊಪ್ಪು. ಬಟ್ಟೆಯಲ್ಲಿ ಗಂಟುಕಟ್ಟಿ ಬ್ಯಾಟರಿಯ ಪಕ್ಕ ತೂಗುಹಾಕಿದೆ. ವಾಸನೆಗೆ ಹೆಗ್ಗಣ ಬರುವುದಿಲ್ಲವಂತೆ. ಹದಿನೈದು ದಿನ ಬರಲಿಲ್ಲ. ಹದಿನಾರನೆಯ ದಿನ ನೋಡಿದರೆ ವೈರಿನ ಜೊತೆಗೆ ಹೊಗೆಸೊಪ್ಪೂ ಖಾಲಿ. ಚಟ ಹತ್ತಿಸಿದ ಪಾಪ ನನ್ನ ತಲೆಗೆ.

“ಮಾರಿಬಿಡ್ರೀ” ಎಂಬ ಮಾತು ವರ್ಷಕ್ಕೆರಡು ಸಲ ಬರುತ್ತದೆ. ಲೆಕ್ಕ ಹಾಕಿದರೆ ಹೆಂಡತಿ ಹೇಳುವುದೇ ಸರಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ನಾನು ಮಾಡಿಸಿದಾಗ ಶುಲ್ಕ 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000. ಇದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್. ಅದನ್ನು ಪ್ರಧಾನಿಗಳು ಬಿಡುಗಡೆ ಮಾಡಿದ್ದೂ ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರುಗಳಿಗೆ ಎಥನಾಲ್ ಒಗ್ಗುವುದಿಲ್ಲ, ಮೆತ್ತಗಾಗಿ ಬಿರಿಯುತ್ತವೆ. ಈ ವಯಸ್ಸಿನಲ್ಲಿ ಅವಳಿಗೆ ಸಾರಾಯಿ ಕುಡಿಸಿದ ಹಾಗೆ. ಹೊಸ ಪೈಪು ಹಾಕಿಸಿದ್ದೇನೆ.

ಮಹಡಿಯ ಹುಡುಗರು, “ಅಂಕಲ್, ಇದು ವಿಂಟೇಜಾ?” ಎಂದು ಕೇಳುತ್ತಾರೆ. ಸರ್ಕಾರದ 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಐವತ್ತು ತುಂಬಬೇಕು. ನಮ್ಮವಳಿಗೆ ಆ ಯೋಗ 2036ಕ್ಕೆ. ಹಾಗೆ ನೋಂದಾಯಿಸಿದ ಮೇಲೆ ಪ್ರದರ್ಶನಕ್ಕೆ, ರ್‍ಯಾಲಿಗೆ ಹೋಗಬಹುದು, ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ನಾನು ಈಗಲೇ ಇಳಿಸುತ್ತಿಲ್ಲವಾದ್ದರಿಂದ ಕಾನೂನನ್ನು ಹತ್ತು ವರ್ಷ ಮುಂಚಿತವಾಗಿ ಪಾಲಿಸುತ್ತಿದ್ದೇನೆ ಎನ್ನಬಹುದು.

ಇಳಿಸಿದರೂ ಎಲ್ಲಿಗೆ? 2022ರಲ್ಲಿ ಟಾಮ್‌ಟಾಮ್ ಎಂಬ ಕಂಪನಿಯವರು ಲೆಕ್ಕ ಹಾಕಿ, ಬೆಂಗಳೂರಿನ ನಡುವೆ ಹತ್ತು ಕಿಲೋಮೀಟರಿಗೆ ಇಪ್ಪತ್ತೊಂಬತ್ತು ನಿಮಿಷ ಬೇಕು, ಲಂಡನ್ ಬಿಟ್ಟರೆ ಜಗತ್ತಿನಲ್ಲಿ ನೀವೇ ಎರಡನೆಯವರು ಎಂದರು. ಪದ್ಮಿನಿಗೆ ಇದೇನೂ ಅವಮಾನವಲ್ಲ, ಅವಳ ನಡಿಗೆಯೇ ಅಷ್ಟು. ಕಷ್ಟವೆಂದರೆ ನಿಲ್ಲುವುದು. ಹೋದ ಏಪ್ರಿಲಿನಲ್ಲಿ ದೊಮ್ಮಲೂರು ಫ್ಲೈಓವರಿನ ಕೆಳಗಿನ ಸಿಗ್ನಲ್ಲಿನಲ್ಲಿ, ಮಟಮಟ ಮಧ್ಯಾಹ್ನ, ಎಂಜಿನ್ನಿನ ಕಾವಿಗೆ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಗಾಡಿ ಉಸಿರು ನಿಲ್ಲಿಸಿತು. ಹಿಂದೆ ಹಾರ್ನುಗಳ ಪಂಚವಾದ್ಯ. ಇಂಥ ಹೊತ್ತಿಗೆಂದೇ ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಅಮ್ಮನ ಹಳೇ ಸೀರೆಯ ತುಂಡು ಇಟ್ಟಿರುತ್ತೇನೆ. ಬಾನೆಟ್ ಎತ್ತಿ ಒದ್ದೆಬಟ್ಟೆಯನ್ನು ಪಂಪಿನ ಮೇಲೆ ಹಾಕಿದೆ, ಜ್ವರದ ಮಗುವಿನ ಹಣೆಗೆ ಹಾಕುವ ಹಾಗೆ. ಬಟ್ಟೆಯಿಂದ ಹಬೆ ಎದ್ದಿತು. ಅಷ್ಟರಲ್ಲಿ ಕೊರಳಲ್ಲಿ ಐಡಿ ಕಾರ್ಡು ಜೋತಾಡುತ್ತಿದ್ದ ನಾಲ್ವರು ಹುಡುಗರು ಊಟಕ್ಕೆ ಹೊರಟಿದ್ದವರು ಓಡಿಬಂದು, ನಾನು ಕೇಳುವ ಮೊದಲೇ ತಳ್ಳತೊಡಗಿದರು. ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಎದ್ದಳು. ನಿಲ್ಲಿಸಿ ಥ್ಯಾಂಕ್ಸ್ ಹೇಳೋಣವೆಂದರೆ ನಿಲ್ಲಿಸಿದರೆ ಮತ್ತೆ ಏಳುವ ಭರವಸೆಯಿಲ್ಲ. ಕಿಟಕಿಯಿಂದ ಕೈ ಬೀಸುತ್ತಾ ಹೊರಟೇಹೋದೆ. ಕನ್ನಡಿಯಲ್ಲಿ ನೋಡಿದರೆ ಒಬ್ಬ ಹುಡುಗ ಹೊಗೆಯ ನಡುವೆ ನಿಂತು ನನ್ನ ಫೋಟೊ ತೆಗೆಯುತ್ತಿದ್ದ.

ಭಾಯ್ ಮಾತಿಗೆ ಬೆಲೆ ಕೊಟ್ಟು ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ಒಂದು ಸುತ್ತು ಕಡ್ಡಾಯ ಮಾಡಿಕೊಂಡಿದ್ದೇನೆ. ಹಲಸೂರು ಕೆರೆಯವರೆಗೆ ಹೋಗುವುದು, ಎಂಜಿನ್ ನಿಲ್ಲಿಸದೆ ಕೆರೆ ನೋಡುವುದು, ತಿರುಗುವುದು. ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ಜಾಗ ಕಾಯಲು ಎರಡು ಹೂಕುಂಡ, ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹೋಗುತ್ತೇನೆ. ರಸ್ತೆಯಲ್ಲಿ ಹಾಗೆ ಇಡಬಾರದೆಂದು ಗೊತ್ತಿದೆ. ಕ್ಷಮಿಸಬೇಕು.

ಈ ಭಾನುವಾರ ವಾಪಸು ಬಂದಾಗ ಕುಂಡಗಳು ಫುಟ್‌ಪಾತಿನ ಮೇಲೆ ಸಾಲಾಗಿ, ಅಂದವಾಗಿ ಜೋಡಿಸಲ್ಪಟ್ಟಿದ್ದವು. ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ಪದ್ಮಿನಿಯ ಜಾಗದಲ್ಲಿ ಒಂದು ಬಿಳಿ ಕಾರು. ಎಂಜಿನ್ನು ಆರಿಸುವ ಧೈರ್ಯ ಸಾಲದೆ ಬೀದಿಯನ್ನು ನಾಲ್ಕು ಸಲ ಸುತ್ತಿ, ಕೊನೆಗೆ ಎರಡನೇ ತಿರುವಿನ ಟ್ರಾನ್ಸ್‌ಫಾರ್ಮರ್ ಪಕ್ಕ ನಿಲ್ಲಿಸಿ ಬಂದಿದ್ದೇನೆ. ಬಿಳಿ ಕಾರಿನ ಸ್ವಾಮಿಗಳೇ, ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಹೊರಡುವ ಮುನ್ನ ಬೆಲ್ ಮಾಡಿ. ನನಗೆ ಹತ್ತು ನಿಮಿಷ ಬೇಕು. ಅವಳು ಏಳಬೇಕಲ್ಲ.