ದಯೆಗೂ ತರಬೇತು ಬೇಕು

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರು ಇಂದು ಅನೇಕ ದೇಶಗಳಲ್ಲಿ ನೆಲೆಸಿರುವರೆಂಬುದು ಈ ಸಂಚಿಕೆಯ ವಾಚಕರಿಗೆ ತಿಳಿದ ಸಂಗತಿಯೇ. ಅವರಲ್ಲೊಬ್ಬಳು ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಒಂದು ಧರ್ಮಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಳೆ. ಆಕೆ ವಕೀಲಳಲ್ಲ. ಆದರೂ ಪರದೇಶಗಳಿಂದ ಅಲ್ಲಿಗೆ ಬಂದ ಬಡವರ ಅರ್ಜಿಗಳನ್ನು ಬರೆದುಕೊಡುವುದಕ್ಕೂ ಅವರ ಪರವಾಗಿ ವಲಸೆ ಅಧಿಕಾರಿಗಳ ಮುಂದೆ ಮಾತಾಡುವುದಕ್ಕೂ ಸರ್ಕಾರದಿಂದ ಅನುಮತಿಯನ್ನು ಪಡೆದಿದ್ದಾಳೆ. ರಜೆಯಲ್ಲಿ ಊರಿಗೆ ಬಂದಿದ್ದಾಗ ಆಕೆ ತನ್ನ ತರಬೇತಿನ ವಿವರವನ್ನು ನಮಗೆ ತಿಳಿಸಿದಳು. ಉಪಾಧ್ಯಾಯಿನಿಯರಾದ ನಮಗೆ ಅದು ಬಹಳ ಪರಿಚಿತವಾಗಿ ತೋರಿದ್ದರಿಂದಲೂ, ಹೆಣ್ಣುಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ತಾಯಿತಂದೆಗಳಿಗೆ ಪ್ರಯೋಜನಕರವಾದುದರಿಂದಲೂ ಇಲ್ಲಿ ಬರೆಯುತ್ತಿದ್ದೇವೆ.

ಅಮೆರಿಕದಲ್ಲಿ ಘೋರ ಅಪರಾಧದ ಆರೋಪಕ್ಕೆ ಗುರಿಯಾದ ಬಡವನಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೬೩ರಲ್ಲಿ ತೀರ್ಪುಕೊಟ್ಟಿತು. ಆದರೆ ಗಡೀಪಾರಿನ ವಿಚಾರಣೆಯು ಕಾನೂನಿನ ದೃಷ್ಟಿಯಲ್ಲಿ ಸಿವಿಲ್ ಸ್ವರೂಪದ್ದು. ಅಲ್ಲಿ ವಕೀಲನನ್ನಿಟ್ಟುಕೊಳ್ಳುವ ಹಕ್ಕು ಉಂಟು, ಸರ್ಕಾರದ ವೆಚ್ಚದಲ್ಲಲ್ಲ. ಸರ್ಕಾರದ ಪಕ್ಷಕ್ಕೆ ನುರಿತ ವಕೀಲನಿರುವನು. ಎದುರಿಗೆ ಇಂಗ್ಲಿಷ್ ಬಾರದ ಹೆಂಗಸೊಬ್ಬಳು ಒಂಟಿಯಾಗಿ ನಿಲ್ಲುವುದುಂಟು. ಚಿಕ್ಕ ಮಕ್ಕಳೂ ಹಾಗೆ ನಿಂತದ್ದುಂಟು.

ಇಂಥಲ್ಲಿ ಕಪಟಿಗಳು ಸೇರಿಕೊಳ್ಳದೆ ಇರುವುದಿಲ್ಲ. ಮೆಕ್ಸಿಕೋ ಮೊದಲಾದ ದೇಶಗಳಲ್ಲಿ 'ನೊತಾರಿಯೋ' ಎಂದರೆ ಕಾನೂನಿನಲ್ಲಿ ಉನ್ನತ ಪದವಿಯುಳ್ಳ ವಕೀಲ. ಅಮೆರಿಕದಲ್ಲಿ 'ನೋಟರಿ'ಯು ಸಹಿಗೆ ಸಾಕ್ಷಿಯಾಗುವವನು ಮಾತ್ರ. ಈ ಒಂದು ಶಬ್ದದ ಭ್ರಾಂತಿಯಿಂದ ಎಷ್ಟೋ ಬಡವರು ಹಣವನ್ನೂ ಅರ್ಜಿಯ ಅವಕಾಶವನ್ನೂ ಕಳೆದುಕೊಂಡಿರುವರು. ಕಪಟಿಯನ್ನಾದರೂ ಕಾಲಕ್ರಮದಲ್ಲಿ ಗುರುತಿಸಬಹುದು. ತರಬೇತಿಲ್ಲದ ಸಜ್ಜನನಿಂದ ಬರುವ ಅಪಾಯವನ್ನು ಗುರುತಿಸುವುದು ಅದಕ್ಕಿಂತ ಕಷ್ಟ.

ಒಂದು ಉದಾಹರಣೆಯನ್ನು ನೋಡಿರಿ. ಪ್ರಜೆಯಲ್ಲದ ಒಬ್ಬನು ವಾಹನ ನಡೆಸುವ ಪರವಾನಗಿಗೆ ಹೋದಾಗ, ಮತದಾರರ ಪಟ್ಟಿಗೆ ಸೇರಿಸುವ ಕಾಗದದಲ್ಲಿ ತಾನು ಈ ದೇಶದ ಪ್ರಜೆಯೆಂಬ ಚೌಕಕ್ಕೆ ಗುರುತು ಹಾಕಿದನೆನ್ನಿ. ೧೯೯೬ರ ಕಾನೂನಿನ ಪ್ರಕಾರ ಪ್ರಜೆಯೆಂದು ಸುಳ್ಳುಹೇಳಿಕೊಳ್ಳುವುದು ಗಡೀಪಾರಿಗೆ ಕಾರಣವಾಗಬಲ್ಲದು. ವರುಷಗಳ ಮೇಲೆ ಅವನು ಪ್ರಜಾಹಕ್ಕಿಗೆ ಅರ್ಜಿಹಾಕಲು ಬಯಸುತ್ತಾನೆ. ದಯಾವಂತನಾದ ನೆರೆಯವನೊಬ್ಬನು ಏನನ್ನೂ ವಿಚಾರಿಸದೆ ಫಾರಮನ್ನು ಭರ್ತಿಮಾಡಿ ಕಳುಹಿಸುತ್ತಾನೆ. ಅಧಿಕಾರಿಯ ಕಣ್ಣಿಗೆ ಬೀಳದೆ ಇದ್ದ ಸಂಗತಿಯನ್ನು ಆ ಅರ್ಜಿಯೇ ಬೆಳಕಿಗೆ ತರುತ್ತದೆ. ಸಹಾಯಮಾಡಿದವನಲ್ಲಿ ಕಪಟವೇನೂ ಇರಲಿಲ್ಲ. ಆದರೂ ಒಂದು ಸಂಸಾರವು ಚೆದರಿಹೋಗಬಹುದು.

ಆದಕಾರಣವೇ ಅಲ್ಲಿ ವಕೀಲರಲ್ಲದವರ ಸೇವೆಗೆ ಕಟ್ಟಳೆಗಳಿವೆ. ೨೦೧೬ರ ಡಿಸೆಂಬರಿನಲ್ಲಿ ಪ್ರಕಟವಾಗಿ ಮುಂದಿನ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಮೊದಲು ಸಂಸ್ಥೆಯು ನ್ಯಾಯ ಇಲಾಖೆಯಿಂದ ಮನ್ನಣೆಯನ್ನು ಪಡೆಯತಕ್ಕದ್ದು. ಅದು ಲಾಭಾಪೇಕ್ಷೆಯಿಲ್ಲದ್ದಾಗಿ ಮುಖ್ಯವಾಗಿ ಬಡವರಿಗೆ ಸೇವೆಸಲ್ಲಿಸುವುದಾಗಿರಬೇಕು. ಆ ಮೇಲೆ ಸಂಸ್ಥೆಯೇ ತನ್ನ ಕೆಲಸದವರಿಗಾಗಿ ಅರ್ಜಿಹಾಕುತ್ತದೆ. ಅವರ ನಡತೆ ಒಳ್ಳೆಯದಾಗಿರಬೇಕು. ವಲಸೆ ಕಾನೂನಿನ ವಿಶಾಲವಾದ ಜ್ಞಾನವಿರಬೇಕು. ಸಂಸ್ಥೆಯ ಮನ್ನಣೆಗೆ ೬ ವರ್ಷ, ಪ್ರತಿನಿಧಿಯ ಅನುಮತಿಗೆ ೩ ವರ್ಷ ಅವಧಿ. ಪ್ರತಿನಿಧಿಗಳಲ್ಲಿ ಎರಡು ದರ್ಜೆ: ಒಂದರವರು ವಲಸೆ ಇಲಾಖೆಯ ಮುಂದೆ ಮಾತ್ರ ಮಾತಾಡಬಹುದು, ಇನ್ನೊಂದರವರು ವಲಸೆ ನ್ಯಾಯಾಲಯಗಳಲ್ಲಿಯೂ ನಿಲ್ಲಬಹುದು. ಸಂಸ್ಥೆಯನ್ನು ಬಿಟ್ಟವಳು ಆ ಅನುಮತಿಯನ್ನು ಸ್ವಂತ ಆಸ್ತಿಯಂತೆ ಕೊಂಡೊಯ್ಯುವಂತಿಲ್ಲ. ಇಂಥ ಸಂಸ್ಥೆಗಳಿಗೆ ಬೆಂಬಲವಾಗಿ ಅಲ್ಲಿಯ ಕ್ಯಾಥೊಲಿಕ್ ಬಿಷಪರು ೧೯೮೮ರಲ್ಲಿ 'ಕ್ಲಿನಿಕ್' ಎಂಬ ಸಂಕ್ಷಿಪ್ತ ಹೆಸರಿನ ಸಂಘವನ್ನು ಸ್ಥಾಪಿಸಿದರು. ಪೆನ್ಸಿಲ್ವೇನಿಯದ ವಿಲ್ಲನೋವ ವಿಶ್ವವಿದ್ಯಾಲಯವು ೨೦೨೦ರಲ್ಲಿ ಇದಕ್ಕೆಂದೇ ಒಂದು ಪಾಠಕ್ರಮವನ್ನು ಆರಂಭಿಸಿತು.

ನಮ್ಮ ವಿದ್ಯಾರ್ಥಿನಿಗೆ ಕಾನೂನಿನ ಪಾಠಕ್ಕಿಂತ ಕಷ್ಟವಾಗಿ ತೋರಿದ್ದು ಕೇಳುವ ಪಾಠ. ಭಯಗ್ರಸ್ತನಾದವನು ತನ್ನ ಕಥೆಯನ್ನು ಕ್ರಮವಾಗಿ ಹೇಳಲಾರನು. ಅವನನ್ನು ಗದರಿಸದೆ, ಉತ್ತರವನ್ನು ಬಾಯಿಗಿಡದೆ, ತಾರೀಖುಗಳನ್ನೂ ಊರುಗಳನ್ನೂ ಒಂದೊಂದಾಗಿ ತಿಳಿದುಕೊಳ್ಳಬೇಕು. ತಾಯಿಯ ದುಃಖವನ್ನು ಇಂಗ್ಲಿಷಿಗೆ ತಿರುಗಿಸಲು ಅವಳ ಮಗುವನ್ನೇ ಕೂರಿಸಬಾರದು. ಮಗುವಿನೆದುರು ಹೇಳಲಾಗದ ಮಾತುಗಳಿರುತ್ತವೆ. ಬರೆದ ಫಾರಮನ್ನು ಅವರ ಭಾಷೆಯಲ್ಲಿ ಪೂರ್ತಿ ಓದಿಹೇಳಿದ ಹೊರತು ಸಹಿ ತೆಗೆದುಕೊಳ್ಳಕೂಡದು. ದಿನಗಳ ಲೆಕ್ಕವನ್ನಂತೂ ಮರೆಯುವಂತೆಯೇ ಇಲ್ಲ. ತಾಯ್ನಾಡಿನ ಹಿಂಸೆಯಿಂದ ಓಡಿಬಂದು ಆಶ್ರಯ ಕೇಳುವವರು ಸಾಧಾರಣವಾಗಿ ಬಂದ ಒಂದು ವರ್ಷದೊಳಗೆ ಅರ್ಜಿಹಾಕತಕ್ಕದ್ದು. ಆ ಅವಧಿ ಮೀರಿದರೆ ಸತ್ಯವಾದ ಕಥೆಗೂ ಬಾಗಿಲು ಮುಚ್ಚಬಹುದು.

ಪಾಠದ ಟಿಪ್ಪಣಿ, ಮಾದರಿ ಪಾಠ, ಹಿರಿಯರು ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪುಗಳನ್ನು ಗುರುತಿಸುವುದು, ಇವೆಲ್ಲವನ್ನೂ ತರಬೇತು ಕಾಲೇಜಿನಲ್ಲಿ ಅನುಭವಿಸಿದ ನಮಗೆ ಇದು ಹೊಸದಲ್ಲ. ಮಕ್ಕಳ ಮೇಲೆ ಪ್ರೀತಿಯಿದ್ದ ಮಾತ್ರಕ್ಕೆ ಭಾಗಾಕಾರವನ್ನು ಕಲಿಸಲು ಬರುವುದಿಲ್ಲವೆಂದು ನಾವು ಅಲ್ಲಿಯೇ ತಿಳಿದೆವು.

ತರಬೇತಿನ ಕೊನೆಯ ಪಾಠವು 'ಇದು ನನ್ನಿಂದಾಗದು' ಎನ್ನುವುದನ್ನು ಕಲಿಯುವುದು. ಹಳೆಯ ಪೊಲೀಸು ಮೊಕದ್ದಮೆಯೋ ಹಿಂದಿನ ಗಡೀಪಾರಿನ ಆಜ್ಞೆಯೋ ಕಂಡುಬಂದರೆ, ಕಾಗದಗಳನ್ನು ಅನುಭವಶಾಲಿಯಾದ ವಕೀಲರಿಗೆ ಒಪ್ಪಿಸಬೇಕು. ಸಮಾರ್ಯದವನ ಸಾಮ್ಯವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅವನು ಗಾಯಗಳನ್ನು ಕಟ್ಟಿದನೆಂಬುದನ್ನು ಜ್ಞಾಪಕದಲ್ಲಿಡುತ್ತೇವೆ. ಆ ಮೇಲೆ ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿ ವೆಚ್ಚಕ್ಕೆ ಹಣಕೊಟ್ಟನೆಂಬುದನ್ನು ಮರೆಯುತ್ತೇವೆ. ತನ್ನ ಕೆಲಸ ಎಲ್ಲಿ ಮುಗಿಯಿತೆಂಬುದನ್ನು ಅವನು ಬಲ್ಲವನಾಗಿದ್ದನು.

ಪರದೇಶಿಯ ಕಷ್ಟವು ನಮ್ಮ ಜನರಿಗೆ ಅಪರಿಚಿತವಲ್ಲ. ೧೯೨೩ರಲ್ಲಿ ಭಗತ್ ಸಿಂಗ್ ಥಿಂಡರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪ್ರಜಾಹಕ್ಕಿಗೆ ಅರ್ಹರಲ್ಲವೆಂದು ತೀರ್ಮಾನಿಸಿತು. ೧೯೪೬ರ ಕಾನೂನು ಆ ತಡೆಯನ್ನು ತೆಗೆದರೂ ವಲಸೆಗೆ ವರುಷಕ್ಕೆ ೧೦೦ ಮಂದಿಗೆ ಮಾತ್ರ ಅವಕಾಶವಿತ್ತಿತು. ಈಗ ನಮ್ಮ ಹೆಣ್ಣುಮಕ್ಕಳು ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ, ವಿವಾಹವಾಗಿಯೂ ಹೋಗುತ್ತಿರುವರು.

ತಾಯಿತಂದೆಗಳಿಗೆ ನಮ್ಮ ಬಿನ್ನಹವಿಷ್ಟೇ. ಮಗಳ ಪಾಸ್‌ಪೋರ್ಟೂ ವಲಸೆಯ ಕಾಗದಗಳೂ ಅವಳ ಕೈಯಲ್ಲಿಯೇ ಇರಲಿ. ಒಂದೊಂದು ಪ್ರತಿ ನಿಮ್ಮ ಬಳಿಯೂ ಇರಲಿ. ಪತಿಯು ಅಮೆರಿಕದ ಪ್ರಜೆಯೋ ಖಾಯಂ ನಿವಾಸಿಯೋ ಆಗಿದ್ದು ಅವಳನ್ನು ಹಿಂಸಿಸುತ್ತಿದ್ದರೆ, ಅವನ ಸಹಿಯಿಲ್ಲದೆ ತಾನೇ ಅರ್ಜಿಹಾಕುವ ದಾರಿಯನ್ನು ೧೯೯೪ರ ಕಾನೂನು ತೆರೆದಿದೆಯೆಂಬುದನ್ನು ಅವಳು ತಿಳಿದಿರಲಿ. ಸಹಾಯಮಾಡುವೆನೆಂದು ಬಂದವರನ್ನು, ನೀವು ವಕೀಲರೇ, ಅಥವಾ ಮನ್ನಣೆಪಡೆದ ಪ್ರತಿನಿಧಿಗಳೇ ಎಂದು ನಾಚದೆ ಕೇಳಲಿ. ಜನನಪತ್ರವು ದೊರೆಯದಿದ್ದಲ್ಲಿ ದೇವಾಲಯದ ಮತ್ತು ಪಾಠಶಾಲೆಯ ದಾಖಲೆಗಳನ್ನು ಆಧಾರವಾಗಿ ಕೊಡಲು ಅಲ್ಲಿಯ ನಿಯಮಗಳಲ್ಲಿ ಎಡೆಯುಂಟು. ಆದುದರಿಂದ ಹೆಸರನ್ನೂ ಜನ್ಮತಾರೀಖನ್ನೂ ಮಗುವನ್ನು ನಮ್ಮಲ್ಲಿ ಸೇರಿಸುವ ದಿನವೇ ಸರಿಯಾಗಿ ಬರೆಯಿಸಿರಿ.

ಹಳೆಯ ವಿದ್ಯಾರ್ಥಿನಿಯರೇ, ಪರಸ್ಥಳದಲ್ಲಿ ನಿಮ್ಮ ಬಾಗಿಲಿಗೆ ಬಂದು ಕಾಗದವೊಂದನ್ನು ಮುಂದೆ ಚಾಚುವವರು ನಿಮಗೆ ಸಿಕ್ಕೇ ಸಿಗುವರು. ಅವರನ್ನು ಒಳಕ್ಕೆ ಕರೆದು ಕೂರಿಸಿರಿ, ಮಾತನ್ನು ಕೇಳಿರಿ; ಬಲ್ಲವರ ಬಳಿಗೆ ಜೊತೆಯಾಗಿ ಕರೆದುಕೊಂಡುಹೋಗಿರಿ. ಲೇಖನಿಯನ್ನು ಮಾತ್ರ ಕಲಿತ ಮೇಲೆಯೇ ಕೈಗೆ ತೆಗೆದುಕೊಳ್ಳಿರಿ. ನಿಮ್ಮಲ್ಲಿ ಕೆಲವರಾದರೂ ಹಾಗೆ ಕಲಿಯುವಿರೆಂದು ನಾವು ನಂಬಿದ್ದೇವೆ.