ಕಿಂದರಿಜೋಗಿಯ ಪುನರ್ವಾಚನ

ಪುಸ್ತಕಗಳಲ್ಲಿ ಎರಡು ಬಗೆಯುಂಟು. ಕೆಲವು ನಾವು ಬೆಳೆದಂತೆಲ್ಲ ನಮಗೆ ಚಿಕ್ಕವಾಗುತ್ತ ಹೋಗುವುವು. ಎಂಟು ವರ್ಷದ ಬಾಲಕನ ಅಂಗಿಯನ್ನು ತಂದೆಯಾದವನು ತೊಡಲಾಗುವುದಿಲ್ಲವಷ್ಟೆ. ಮತ್ತೆ ಕೆಲವು ನಮ್ಮೊಡನೆಯೇ ಬೆಳೆಯುವುವು. ಇವೆರಡರಲ್ಲಿ ಯಾವುದು ಯಾವ ಬಗೆಗೆ ಸೇರಿದುದೆಂಬುದನ್ನು ತಿಳಿಯಲು ಒಂದೇ ಉಪಾಯವಿದೆ: ಬಾಲ್ಯದಲ್ಲಿ ಪ್ರಿಯವಾಗಿದ್ದ ಪುಸ್ತಕವನ್ನು ತಲೆ ನರೆತ ಮೇಲೆ ಮತ್ತೊಮ್ಮೆ ಓದಬೇಕು. ಹಾಗೆ ಓದಿ ನಾನು ಕಂಡುದನ್ನು ವಾಚಕ ಸೋದರ ಸೋದರಿಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಹುಟ್ಟೂರು ಭದ್ರಾವತಿಯ ಹಳೆಯ ಊರು. ಓಲ್ಡ್ ಟೌನ್ ಎಂದೇ ಎಲ್ಲರೂ ಅದನ್ನು ಕರೆಯುವರು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಊರು ಇದೇ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹಸ್ವಾಮಿಯ ಗುಡಿ ಇಲ್ಲಿದೆ. ಕಾರ್ಖಾನೆಯೊಡನೆ ಬೆಳೆದ ನ್ಯೂ ಟೌನ್ ಹೊಳೆಯ ಆಚೆಗಿದೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆಯವರು ಶಿವಮೊಗ್ಗೆಗೆ ಹೋಗಿದ್ದವರು ನನಗಾಗಿ ಒಂದು ತೆಳುವಾದ ಪುಸ್ತಕವನ್ನು ತಂದರು. ಅದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ೧೯೦೪ರಲ್ಲಿ ಜನಿಸಿ ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯಲ್ಲಿ ಬೆಳೆದ ಆ ಮಹಾಕವಿಯು ನಮ್ಮ ಜಿಲ್ಲೆಯವರೇ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಆದರೆ ಕಥೆಯು ತುಂಗಾತೀರದಲ್ಲಿ ನಡೆದುದೆಂಬುದು ತಿಳಿಯಿತು. ತುಂಗೆಯೆಂದರೆ ನಮ್ಮ ನೆರೆಯ ನದಿ. ಆದುದರಿಂದ ಅದು ನಮ್ಮ ನೆರೆಯ ಕಥೆಯೇ ಆಯಿತು.

ಆ ವಯಸ್ಸಿನಲ್ಲಿ ನನ್ನನ್ನು ಸೆರೆಹಿಡಿದುದು ಇಲಿಗಳು. ನಮ್ಮ ಹೆಂಚಿನ ಮನೆಯ ಅಟ್ಟದಲ್ಲಿ ಅವುಗಳದೇ ರಾಜ್ಯ. ರಾತ್ರಿ ನಮ್ಮ ತಾಯಿ ಬೋನಿಗೆ ಕೊಬ್ಬರಿಯ ಚೂರನ್ನು ಸಿಕ್ಕಿಸಿಟ್ಟು ಮಲಗುವರು. ಬೆಳಗಾದರೆ ಕೊಬ್ಬರಿಯೂ ಇಲ್ಲ, ಇಲಿಯೂ ಇಲ್ಲ. ಹೀಗಿರುವಾಗ ಕವಿಯು ಪೋಣಿಸಿಕೊಟ್ಟ ಬಗೆಬಗೆಯ ಇಲಿಗಳ ಪಟ್ಟಿಯನ್ನು ಗಟ್ಟಿಯಾಗಿ ಹೇಳಿಕೊಂಡು ಅಂಗಳವನ್ನು ಸುತ್ತುವುದಕ್ಕಿಂತ ದೊಡ್ಡ ಸುಖವು ನನಗೆ ಬೇರೊಂದಿರಲಿಲ್ಲ. “ಅಮ್ಮಾ, ತುಂಗೆಯಲ್ಲಿ ಮುಳುಗಿದ ಇಲಿಗಳು ನಮ್ಮ ಭದ್ರೆಗೂ ಬರುವುವೇ?” ಎಂದು ಒಂದು ದಿನ ಕೇಳಿದೆನು. ಅವರು ಅಕ್ಕಿಯನ್ನು ಕೇರುತ್ತಿದ್ದವರು ಮೊರವನ್ನು ನಿಲ್ಲಿಸದೆಯೇ, “ತುಂಗೆ ಭದ್ರೆ ಕೂಡುವುದು ಕೂಡಲಿಯಲ್ಲಿ ಮಗು. ಅದು ನಮಗಿಂತ ಕೆಳಗೆ. ನೀರು ಮೇಲಕ್ಕೆ ಹರಿಯುವುದಿಲ್ಲ” ಎಂದರು. ಭೂಗೋಳದಲ್ಲಿ ನಾನು ಕಲಿತ ಮೊದಲನೆಯ ಪಾಠವು ಅದೇ.

ಮುಂದೆ ಸಂಸ್ಕೃತವನ್ನು ಓದಿ, ಪಂಡಿತನೆನಿಸಿಕೊಂಡು, ಪಾಠಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಉಪಾಧ್ಯಾಯನಾಗಿದ್ದೆನು. ಈ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಆದರೆ ಪಾಠ ಹೇಳುವಾಗ ಉಪಾಧ್ಯಾಯನ ಕಣ್ಣು ಪುಸ್ತಕದ ಮೇಲಿರುವುದಕ್ಕಿಂತ ಹಿಂದಿನ ಬೆಂಚಿನ ಮೇಲೆಯೇ ಹೆಚ್ಚಾಗಿರುವುದು. ನಿವೃತ್ತನಾದ ಮೇಲೆ ಕಳೆದ ಬೇಸಗೆಯಲ್ಲಿ ಪುಣೆಯಿಂದ ಮಗನ ಸಂಸಾರವು ಬಂದಿದ್ದಾಗಲೇ ಅದನ್ನು ನಾನು ಯಾವ ಪರೀಕ್ಷೆಯ ಗೊಡವೆಯೂ ಇಲ್ಲದೆ ಮರಳಿ ಓದಿದುದು. ಎಂಟು ವರ್ಷದ ಮೊಮ್ಮಗಳಿಗೆ ಕನ್ನಡದ ಅಕ್ಷರಗಳು ಕೂಡಿಸಿಕೊಂಡು ಓದುವಷ್ಟು ಮಾತ್ರ ಬರುವುವು. ಆದುದರಿಂದ ನಾನು ಓದಿದೆನು, ಅವಳು ಕೇಳಿದಳು.

ಇಲಿಗಳಿಗೆ ಅವಳು ನಕ್ಕಳು. ಗೌಡನು ಕೊಟ್ಟ ಮಾತಿಗೆ ತಪ್ಪಿದಾಗ ಹುಬ್ಬು ಗಂಟಿಕ್ಕಿದಳು. ಜೋಗಿಯ ಕಿಂದರಿಯ ನಾದಕ್ಕೆ ಮಕ್ಕಳೆಲ್ಲ ಕುಣಿಯುತ್ತ ಹೋಗಿ ಬೆಟ್ಟದಲ್ಲಿ ಮರೆಯಾದುದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಯ್ಯ, ಆ ಮಕ್ಕಳು ಬೆಟ್ಟದೊಳಗೆ ಸುಖವಾಗಿದ್ದರೇ?” ಎಂದು ಕೇಳಿದಳು. ನನಗೆ ಥಟ್ಟನೆ ಉತ್ತರವು ತೋರಲಿಲ್ಲ. ಬಾಗಿಲ ಬಳಿ ಹೂ ಕಟ್ಟುತ್ತ ಕುಳಿತಿದ್ದ ನನ್ನ ಗೃಹಿಣಿಯು ತಲೆಯೆತ್ತದೆಯೇ, “ಸುಖವಾಗಿದ್ದರೆ ಒಂದು ಸುದ್ದಿಯನ್ನಾದರೂ ಕಳುಹಿಸಬಾರದಿತ್ತೇ?” ಎಂದಳು. ಒಳಗೆ ಸಾಮಾನು ಕಟ್ಟುತ್ತಿದ್ದ ಮಗನಿಗೆ ಆ ಮಾತು ಕೇಳಿಸಿತೋ ಇಲ್ಲವೋ ನಾನರಿಯೆನು.

ಈ ಕಥೆಯ ಬೇರು ನಮ್ಮ ನಾಡಿನದಲ್ಲವೆಂಬುದನ್ನು ಅನೇಕರು ಬಲ್ಲರು. ಆಂಗ್ಲ ಕವಿ ರಾಬರ್ಟ್ ಬ್ರೌನಿಂಗನು ಕಾಯಿಲೆಯಿಂದ ಮಲಗಿದ್ದ ಒಬ್ಬ ನಟನ ಚಿಕ್ಕ ಮಗನನ್ನು ರಂಜಿಸುವುದಕ್ಕಾಗಿ ರಚಿಸಿದ ಕಾವ್ಯವು ೧೮೪೨ರಲ್ಲಿ ಅಚ್ಚಾಯಿತು. ನಮ್ಮ ಕವಿಯು ಅಲ್ಲಿಯ ಊರನ್ನು ಬೊಮ್ಮನಹಳ್ಳಿಯಾಗಿಯೂ, ವೇಸರ್ ನದಿಯನ್ನು ತುಂಗೆಯಾಗಿಯೂ, ನಗರಾಧ್ಯಕ್ಷನನ್ನು ಗೌಡನಾಗಿಯೂ ಮಾರ್ಪಡಿಸಿ, ಕೊಳಲೂದುವವನ ಕೈಗೆ ಕಿಂದರಿಯನ್ನು ಕೊಟ್ಟರು. ಬ್ರೌನಿಂಗನಿಗೂ ಹಿಂದೆ ಹೋದರೆ ಜರ್ಮನಿಯ ಹಾಮೆಲಿನ್ ಎಂಬ ಪಟ್ಟಣವು ಸಿಕ್ಕುವುದು. ೧೨೮೪ರ ಜೂನ್ ೨೬ರಂದು ಆ ಪಟ್ಟಣದ ೧೩೦ ಮಂದಿ ಮಕ್ಕಳು ಕಣ್ಮರೆಯಾದರೆಂದು ಐತಿಹ್ಯ. ಅವರು ನಡೆದು ಹೋದುದೆಂದು ಹೇಳುವ ಬೀದಿಯಲ್ಲಿ ಇಂದಿಗೂ ವಾದ್ಯವನ್ನು ನುಡಿಸುವುದಿಲ್ಲವಂತೆ. ಇದರಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಹಳೆಯ ಉಲ್ಲೇಖಗಳಲ್ಲಿ ಮಕ್ಕಳು ಮಾತ್ರ ಇರುವರು. ಇಲಿಗಳು ಬಂದು ಸೇರಿದುದು ಹದಿನಾರನೆಯ ಶತಮಾನದಲ್ಲಿ. ಎಂದರೆ ಮೊದಲು ಉಳಿದುದು ಶೋಕ. ಅದಕ್ಕೆ ಕಾರಣವನ್ನು ಜನರು ಆಮೇಲೆ ಹುಡುಕಿ ಜೋಡಿಸಿದರು. ಪೂರ್ವದೇಶಗಳಲ್ಲಿ ಹೊಸ ಊರುಗಳನ್ನು ಕಟ್ಟಲು ಆ ಕಾಲದಲ್ಲಿ ತರುಣರನ್ನು ಕರೆದೊಯ್ಯುತ್ತಿದ್ದರೆಂದೂ, ‘ಊರಿನ ಮಕ್ಕಳು’ ಎಂದರೆ ಹಾಗೆ ವಲಸೆ ಹೋದವರೇ ಆಗಿರಬಹುದೆಂದೂ ಕೆಲವು ವಿದ್ವಾಂಸರ ಊಹೆ.

ಇದನ್ನು ತಿಳಿದಂದು ನನಗೆ ನಮ್ಮ ಊರು ಬೇರೆಯಾಗಿ ಕಂಡಿತು. ೧೯೧೮ರಲ್ಲಿ ಸ್ಥಾಪನೆಗೊಂಡ ಕಬ್ಬಿಣದ ಕಾರ್ಖಾನೆ, ೧೯೩೬ರಲ್ಲಿ ಹುಟ್ಟಿದ ಮೈಸೂರು ಕಾಗದದ ಕಾರ್ಖಾನೆ, ಇವೆರಡೂ ಒಂದು ಕಾಲದಲ್ಲಿ ಹೊರಗಿನವರನ್ನು ಇಲ್ಲಿಗೆ ಕರೆದುವು. ತಮಿಳರು, ತೆಲುಗರು, ಮಲೆಯಾಳಿಗಳು ಬಂದು ನೆಲಸಿದರು. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ನಾಲ್ಕಾರು ಭಾಷೆಗಳ ಮನೆಗಳ ಮಕ್ಕಳು ಒಂದೇ ಪುಟದಲ್ಲಿರುತ್ತಿದ್ದರು. ಬಳಿಕ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರ ಸಂಖ್ಯೆಯು ಕುಗ್ಗುತ್ತ ಬಂದಿತು. ಕಾಗದದ ಕಾರ್ಖಾನೆಯು ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಬೇರೊಂದು ಕಿಂದರಿಯ ನಾದವು ಬೆಂಗಳೂರಿನಿಂದಲೂ ಪುಣೆಯಿಂದಲೂ ಸಮುದ್ರದಾಚೆಯಿಂದಲೂ ಕೇಳಿಸಿತು. ಮಕ್ಕಳು ಹೊರಟರು. ನಮ್ಮ ಬೀದಿಯಲ್ಲಿ ಸಂಜೆ ಜಗಲಿಯ ಮೇಲೆ ಕುಳಿತಿರುವವರಲ್ಲಿ ಅರವತ್ತರ ಕೆಳಗಿನವರು ಈಗ ವಿರಳ.

ಹಾಗಾದರೆ ನಾವೂ ಮಾತಿಗೆ ತಪ್ಪಿದ ಗೌಡರೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಬ್ರೌನಿಂಗನ ಕಾವ್ಯದಲ್ಲಿ ಕೊಳಲಿನವನು ಕೇಳುವುದು ಒಂದು ಸಾವಿರ ನಾಣ್ಯ; ಸಂಕಟದಲ್ಲಿದ್ದ ನಗರಾಧ್ಯಕ್ಷನು ಐವತ್ತು ಸಾವಿರವೆನ್ನುವನು; ಇಲಿಗಳು ಮುಳುಗಿದ ಮೇಲೆ ಐವತ್ತಕ್ಕೆ ಇಳಿಯುವನು. ಕಷ್ಟದಲ್ಲಿ ಉಬ್ಬಿದ ಮಾತು ಸುಖದಲ್ಲಿ ಬತ್ತುವ ಪರಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. ನಮ್ಮ ಪ್ರಾಚೀನರೂ ಈ ವಿಷಯವನ್ನು ಆಳವಾಗಿ ಚಿಂತಿಸಿರುವರು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರನು, ಹುಟ್ಟುವ ಮಗನನ್ನು ವರುಣನಿಗೆ ಅರ್ಪಿಸುವೆನೆಂದು ಮಾತು ಕೊಟ್ಟು, ಪುತ್ರಸ್ನೇಹದಿಂದ ಒಂದೊಂದು ನೆಪವನ್ನು ಹೇಳಿ ಮುಂದೂಡುವನು. ರಾಘವಾಂಕನ ಹರಿಶ್ಚಂದ್ರನಾದರೋ ಮಾತಿಗಾಗಿ ಮಡದಿಮಕ್ಕಳನ್ನೇ ಮಾರುವನು. ಒಬ್ಬನು ಮಾತನ್ನು ತಡೆದನು, ಮತ್ತೊಬ್ಬನು ಉಳಿಸಿದನು, ಬೊಮ್ಮನಹಳ್ಳಿಯ ಗೌಡನು ಮುರಿದನು. ಆದರೆ ಮೂರು ಕಥೆಗಳಲ್ಲಿಯೂ ಹಿರಿಯರ ಮಾತಿನ ಋಣವು ಬಂದು ಬೀಳುವುದು ಮಕ್ಕಳ ತಲೆಯ ಮೇಲೆಯೇ. ಓದಿದರೆ ಇಲ್ಲಿಯೇ ಬಾಳುವೆಯೆಂದು ನಮ್ಮ ಪೀಳಿಗೆಯು ಮಕ್ಕಳಿಗೆ ಹೇಳಿತು. ಅವರು ಓದಿದರು. ಇಲ್ಲಿ ಬಾಳುವೆಯು ಉಳಿಯಲಿಲ್ಲ. ಇದು ಒಬ್ಬ ಗೌಡನ ಲೋಭದಿಂದಾದುದಲ್ಲ, ಕಾಲದ ತಿರುವು. ಆದರೂ ಹೋಗುವವರಿಗೆ ಋಣದ ಲೆಕ್ಕವನ್ನು ಒಪ್ಪಿಸುವ ಅಧಿಕಾರವು ನಮಗಿಲ್ಲವೆಂದು ನನಗೆ ತೋರುವುದು.

ಬ್ರೌನಿಂಗನ ಕಾವ್ಯದಲ್ಲಿ ಇನ್ನೊಂದು ಸಂಗತಿಯುಂಟು. ಕಾಲು ಕುಂಟಾದ ಒಬ್ಬ ಬಾಲಕನು ಗುಂಪಿನೊಡನೆ ಓಡಲಾರದೆ ಹಿಂದುಳಿಯುವನು. ಬೆಟ್ಟದ ಬಾಗಿಲು ಅವನು ತಲುಪುವ ಮೊದಲೇ ಮುಚ್ಚಿಕೊಳ್ಳುವುದು. ತಾನು ಪಾರಾದೆನೆಂಬ ಸಂತೋಷವು ಅವನಿಗಿಲ್ಲ. ಕೊಳಲಿನ ನಾದವು ಹೂವೂ ಹಣ್ಣೂ ತುಂಬಿದ ಒಂದು ನಾಡನ್ನು ಅವನಿಗೆ ತೋರಿಸಿತ್ತು. ಅಲ್ಲಿಗೆ ಹೋಗಲಾಗದುದಕ್ಕೇ ಅವನು ಬಾಳೆಲ್ಲ ಮರುಗುವನು. ಊರಿನ ತಾಯಿತಂದೆಗಳು ಅನರ್ಥವೆಂದು ಅತ್ತುದನ್ನು ಕಣ್ಣಾರೆ ಕಂಡ ಮಗುವು ಆನಂದವೆಂದು ಹೇಳಿತು. ಎರಡೂ ನಿಜವಾಗಿರಬಾರದೇಕೆ? ನನ್ನ ಮಗನು ಪುಣೆಯಲ್ಲಿ ತನ್ನ ಕೆಲಸದ ವಿಷಯವನ್ನು ಹೇಳುವಾಗ ಅವನ ಮುಖದಲ್ಲಿ ಬರುವ ಕಳೆಯನ್ನು ನಾನು ನೋಡಿರುವೆನು. ಅವನು ಹೊರಟ ಮೇಲೆ ಅವನ ತಾಯಿ ಎರಡು ದಿನ ಅಡಿಗೆಯ ಅಳತೆಯನ್ನು ತಪ್ಪಿ ಹೆಚ್ಚು ಅನ್ನ ಮಾಡುವುದನ್ನೂ ನೋಡಿರುವೆನು.

ಅಲಂಕಾರಶಾಸ್ತ್ರದಲ್ಲಿ ರಸವು ಕಾವ್ಯದಲ್ಲಿರುವುದೋ ಸಹೃದಯನಲ್ಲಿರುವುದೋ ಎಂದು ದೊಡ್ಡ ಚರ್ಚೆಯುಂಟು. ಸಹೃದಯನ ಹೃದಯದಲ್ಲಿ ವಾಸನಾರೂಪದಿಂದ ಮೊದಲೇ ನೆಲಸಿರುವ ಭಾವವೇ ಕಾವ್ಯದಿಂದ ಉದ್ಬುದ್ಧವಾಗಿ ರಸವಾಗುವುದೆಂಬುದು ಅಭಿನವಗುಪ್ತನ ಮತ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಕಂಠಪಾಠ ಮಾಡಿ ಅಂಕಗಳನ್ನು ಪಡೆದೆನು. ಇದರ ನಿದರ್ಶನವು ನನಗೆ ದೊರೆತುದು ಈ ಮಕ್ಕಳ ಪುಸ್ತಕದಲ್ಲಿ. ಎಂಟನೆಯ ವಯಸ್ಸಿನಲ್ಲಿ ಇದು ಹಾಸ್ಯಾದ್ಭುತಗಳ ಕಾವ್ಯ, ಅರವತ್ತರಲ್ಲಿ ಕರುಣದ್ದು. ಅಕ್ಷರಗಳು ಅವೇ ಇವೆ. ನಡುವೆ ಐವತ್ತು ವರ್ಷಗಳ ಸಂಸಾರವು ನನ್ನಲ್ಲಿ ಸೇರಿಕೊಂಡಿದೆ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮನೆಯ ಅಟ್ಟದಲ್ಲೋ ಹಳೆಯ ಪೆಟ್ಟಿಗೆಯಲ್ಲೋ ನಿಮ್ಮ ಬಾಲ್ಯದ ಒಂದು ಪುಸ್ತಕವು ಉಳಿದಿದ್ದರೆ ಇಲಿಗಳಿಗೆ ಒಪ್ಪಿಸದೆ ಅದನ್ನು ಕೆಳಗಿಳಿಸಿರಿ. ಒಬ್ಬರೇ ಓದಬೇಡಿರಿ, ಮಗುವೊಂದನ್ನು ಹತ್ತಿರ ಕೂರಿಸಿಕೊಂಡು ಓದಿರಿ. ನಿಮಗೆ ಕಾಣದ ಅರ್ಧವು ಆ ಮಗುವಿಗೆ ಕಾಣುವುದು. ಹತ್ತಿರ ಕೂರಲು ಮಗುವಿಲ್ಲದ ಮನೆಗಳು ಈಗ ಬಹಳವಿರುವುದನ್ನು ನಾನು ಬಲ್ಲೆನು. ಅಂಥವರು ದೂರವಾಣಿಯಲ್ಲಿಯೇ ಓದಿ ಹೇಳಬಹುದು. ನಾವು ಭಾನುವಾರದ ಸಂಜೆಗಳಲ್ಲಿ ಹಾಗೆಯೇ ಮಾಡುತ್ತಿರುವೆವು. ಇಲಿಗಳ ಪಟ್ಟಿಯನ್ನು ಈಗ ಮೊಮ್ಮಗಳು ಪುಸ್ತಕವಿಲ್ಲದೆಯೇ ಹೇಳುವಳು. ಅವಳು ಕೇಳಿದ ಪ್ರಶ್ನೆಗೆ, ಬೆಟ್ಟದೊಳಗಿನವರು ತಾವೇ ಹೇಳಬೇಕೆಂದು ಉತ್ತರ ಕೊಟ್ಟೆನು. ಅಂದಿನಿಂದ ಪ್ರತಿ ವಾರವೂ ಅವಳು ತನ್ನ ಶಾಲೆಯ ಸುದ್ದಿಯನ್ನೆಲ್ಲ ಅಜ್ಜಿಗೆ ತಪ್ಪದೆ ಒಪ್ಪಿಸುತ್ತಿರುವಳು.